ಬರಹಗಾರರಿಗೆ ಸಲಹೆ: ಲೋಕದ ಕೊನೆ ಇರಲಿ, ಆ ಚಪ್ಪಲಿಯ ಕಥೆ ಹೇಳಿ

ನಮಸ್ಕಾರ.

‘ಪ್ರಳಯ ಬಾಗಿಲಲ್ಲಿದೆ: ಅಂತ್ಯಕಾಲದ ಬಗ್ಗೆ ಕ್ರೈಸ್ತರ ನಂಬಿಕೆ’ ಎಂಬ ನಿಮ್ಮ ಲೇಖನ ಓದಿದೆ. ಹದಿನಾಲ್ಕು ಪುಟ, ಎರಡು ಸಲ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಕಾರಣ ಒಂಬತ್ತನೇ ಪುಟದಲ್ಲಿರುವ ಆರು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೈಗುಳ ಮುಗಿಸಿಬಿಡೋಣ.

ತಲೆಬರಹದಿಂದಲೇ ತಕರಾರು. ‘ಪ್ರಳಯ’ ಅಂದ ಕೂಡಲೇ ಕನ್ನಡ ಓದುಗರ ತಲೆಯಲ್ಲಿ ಒಂದು ಚಿತ್ರ ಬರುತ್ತದೆ. ಎಲ್ಲ ನೀರಲ್ಲಿ ಮುಳುಗುತ್ತದೆ, ಯುಗ ಮುಗಿಯುತ್ತದೆ, ಮತ್ತೆ ಸೃಷ್ಟಿ, ಮತ್ತೆ ಅದೇ ಚಕ್ರ. ಬೈಬಲಿನ ಕೊನೆ ಹಾಗಿಲ್ಲ. ಅದು ಚಕ್ರವಲ್ಲ, ಒಂದೇ ದಾರಿ, ಒಂದೇ ಸಲ. ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ 21ನೇ ಅಧ್ಯಾಯ ತೆಗೆದು ನೋಡಿ. ಹೊಸ ಆಕಾಶ, ಹೊಸ ಭೂಮಿ, ಮೇಲಿನಿಂದ ಇಳಿದು ಬರುವ ಊರು. ಜನ ಮೇಲೆ ಹೋಗುವುದಿಲ್ಲ, ಊರೇ ಕೆಳಗೆ ಬರುತ್ತದೆ. ದೇವರು ಅಲ್ಲಿ ಜನರ ಕಣ್ಣೀರು ಒರೆಸುತ್ತಾನೆ. ನಿಮ್ಮ ಹದಿನಾಲ್ಕು ಪುಟದಲ್ಲಿ ಬೆಂಕಿ, ರಕ್ತ, ಭೂಕಂಪ ಎಲ್ಲ ಇದೆ. ಈ ಊರು ಒಂದು ಸಾಲಿನಲ್ಲೂ ಇಲ್ಲ. ಮದುವೆ ಊಟಕ್ಕೆ ಹೋಗಿ ಚಪ್ಪರದ ಗಳ ಎಣಿಸಿಕೊಂಡು ಬಂದ ಹಾಗಾಯಿತು, ಅಲ್ವಾ?

ಇನ್ನೊಂದು ಮಾತು. ಆ ಪುಸ್ತಕದ ಗ್ರೀಕ್ ಹೆಸರು ‘ಅಪೊಕಾಲಿಪ್ಸಿಸ್’. ಮುಸುಕು ತೆಗೆಯುವುದು, ಮುಚ್ಚಿಟ್ಟಿದ್ದನ್ನು ತೋರಿಸುವುದು ಎಂದು ಅರ್ಥ. ಇಂಗ್ಲಿಷಿನಲ್ಲಿ ಆ ಪದ ಬಳಸಿ ಬಳಸಿ ‘ಸರ್ವನಾಶ’ ಎಂದೇ ಆಗಿಹೋಗಿದೆ. ಕನ್ನಡ ಬೈಬಲಿನಲ್ಲಿ ‘ಪ್ರಕಟನೆ’ ಎಂದಿಟ್ಟು ಮೂಲದ ಅರ್ಥವನ್ನು ಹಾಗೇ ಉಳಿಸಿಕೊಂಡಿದ್ದೇವೆ. ಇಂಥ ಪದ ಕೈಯಲ್ಲೇ ಇರುವಾಗ ಪ್ರಳಯವನ್ನು ಯಾಕೆ ಸಾಲ ತಂದಿರಿ? (ಪ್ರಕಟಣೆಯ ಕೆಲಸದಲ್ಲೇ ಇರುವವನಾದ್ದರಿಂದ ಆ ಪದದ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ, ಒಪ್ಪಿಕೊಳ್ಳುತ್ತೇನೆ.)

ಎರಡನೇ ತಕರಾರು ದೊಡ್ಡದು. ‘ಕ್ರೈಸ್ತರು ನಂಬುತ್ತಾರೆ’ ಎಂದು ಇಪ್ಪತ್ತಮೂರು ಕಡೆ ಬರೆದಿದ್ದೀರಿ. ಪೆನ್ಸಿಲ್ ಹಿಡಿದು ಎಣಿಸಿದೆ. ಯಾವ ಕ್ರೈಸ್ತರು? ನೀವು ನಾಲ್ಕನೇ ಪುಟದಲ್ಲಿ ಹಾಕಿರುವ ಪಟ್ಟಿ ಹೀಗಿದೆ: ಮೊದಲು ನಂಬಿದವರು ಇದ್ದಕ್ಕಿದ್ದಂತೆ ಮೇಲಕ್ಕೆ ಎತ್ತಲ್ಪಡುತ್ತಾರೆ, ಆಮೇಲೆ ಏಳು ವರ್ಷ ಮಹಾ ಸಂಕಟ, ಆಮೇಲೆ ಹರ್ಮಗೆದೋನ್ ಎಂಬ ಕೊನೆಯ ಮಹಾಯುದ್ಧ, ಆಮೇಲೆ ಸಾವಿರ ವರ್ಷದ ಆಳ್ವಿಕೆ, ಕಡೆಗೆ ತೀರ್ಪು. ಇದು ಒಂದು ಪಂಗಡದ ಲೆಕ್ಕ. ಇದನ್ನು ನಂಬುವವರು ಬಹಳ ಜನ ಇದ್ದಾರೆ, ಪ್ರಾಮಾಣಿಕವಾಗಿಯೇ ನಂಬುತ್ತಾರೆ. ಆದರೆ ಕ್ಯಾಥೊಲಿಕ್ ಸಭೆಯಾಗಲಿ (ಸಭೆ ಎಂದರೆ ಚರ್ಚು) ಆರ್ಥಡಾಕ್ಸ್ ಸಭೆಗಳಾಗಲಿ ಹೀಗೆ ಕಲಿಸುವುದಿಲ್ಲ. ಹಳೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹುಪಾಲಿನವೂ ಇಲ್ಲ. ಇವರೆಲ್ಲ ಒಟ್ಟಿಗೆ ಹೇಳುವ ನೈಸಿಯಾದ ವಿಶ್ವಾಸ ಪ್ರಮಾಣದಲ್ಲಿ ಇರುವುದು ಇಷ್ಟೇ: ಕ್ರಿಸ್ತ ಮಹಿಮೆಯಿಂದ ಮತ್ತೆ ಬರುತ್ತಾನೆ, ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡುತ್ತಾನೆ, ಆತನ ರಾಜ್ಯಕ್ಕೆ ಕೊನೆ ಇಲ್ಲ. ಜೊತೆಗೆ, ಸತ್ತವರು ಎದ್ದು ಬರುತ್ತಾರೆ ಎಂಬ ನಿರೀಕ್ಷೆ. ವೇಳಾಪಟ್ಟಿ ಇಲ್ಲ.

ಸಾವಿರ ವರ್ಷದ ವಿಷಯವನ್ನೇ ತೆಗೆದುಕೊಳ್ಳಿ. ಅದು ಬರುವುದು ಪ್ರಕಟನೆ 20ರ ಮೊದಲ ಕೆಲವು ವಚನಗಳಲ್ಲಿ ಮಾತ್ರ. ಅಷ್ಟನ್ನು ಹಿಡಿದು ಸಭೆಗಳು ಮೂರು ದಾರಿ ಹಿಡಿದವು. ಕ್ರಿಸ್ತ ಬಂದ ಮೇಲೆ ಸಾವಿರ ವರ್ಷ ಎನ್ನುವವರು ಕೆಲವರು. ಸಾವಿರ ವರ್ಷ ಮುಗಿದ ಮೇಲೆ ಕ್ರಿಸ್ತ ಬರುತ್ತಾನೆ ಎನ್ನುವವರು ಕೆಲವರು. ಅದು ಅಂಕಿಯೇ ಅಲ್ಲ, ಸಭೆ ಈ ಲೋಕದಲ್ಲಿರುವ ಇಡೀ ಕಾಲಕ್ಕೆ ಇಟ್ಟ ಗುರುತು ಎನ್ನುವವರು ಇನ್ನು ಕೆಲವರು. ಐದನೇ ಶತಮಾನದ ಬಿಷಪ್ ಅಗಸ್ಟೀನ್ ಈ ಮೂರನೇ ದಾರಿಯವರು. ಮೊದಲು ತಾನೂ ಬೇರೆ ಥರ ನಂಬಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ಅಭಿಪ್ರಾಯ ಬದಲಾಯಿಸಿ, ಬದಲಾಯಿಸಿದೆ ಎಂದು ಒಪ್ಪಿಕೊಂಡ ಮನುಷ್ಯ. ಲೇಖನಕ್ಕೆ ಎಂಥಾ ಒಳ್ಳೆ ಪಾತ್ರ! ನೀವು ಅವರ ಹೆಸರನ್ನೂ ಎತ್ತಿಲ್ಲ.

‘ಎತ್ತಲ್ಪಡುವಿಕೆ’ಯನ್ನು ‘ಎರಡು ಸಾವಿರ ವರ್ಷಗಳ ನಂಬಿಕೆ’ ಎಂದು ಕರೆದಿದ್ದೀರಿ. ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಆ ಮಾತು ಇದೆ, ಸರಿ. ಆದರೆ ಅದು ಮಹಾ ಸಂಕಟಕ್ಕೆ ಮುಂಚೆ ಸದ್ದಿಲ್ಲದೆ ನಡೆಯುವ ಬೇರೆಯೇ ಒಂದು ಘಟನೆ ಎಂಬ ವಿವರಣೆ ಹರಡಿದ್ದು 1830ರ ದಶಕದಿಂದ ಈಚೆಗೆ, ಬ್ರದರನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಬೋಧಕ ಜಾನ್ ನೆಲ್ಸನ್ ಡಾರ್ಬಿಯಿಂದ. ಅದನ್ನು ಅಮೆರಿಕದಲ್ಲಿ ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್. ಅದರ ಚಮತ್ಕಾರ ಅಚ್ಚಿನಲ್ಲಿತ್ತು. ಮೇಲೆ ವಚನ, ಅದೇ ಪುಟದ ಕೆಳಗೆ ಸ್ಕೋಫೀಲ್ಡ್ ಬರೆದ ಟಿಪ್ಪಣಿ. ಓದುವವರು ಎರಡನ್ನೂ ಒಂದೇ ಉಸಿರಿನಲ್ಲಿ ಓದಿದರು. ಯಾವುದು ವಚನ, ಯಾವುದು ಟಿಪ್ಪಣಿ ಎಂಬ ಗೆರೆ ನಿಧಾನಕ್ಕೆ ಅಳಿಸಿಹೋಯಿತು. ಪುಟ ಕಟ್ಟುವ ಕೆಲಸ ಮಾಡುವವರಿಗೆ ಇದು ಅಚ್ಚರಿಯಲ್ಲ, ಭಯ ಹುಟ್ಟಿಸುವ ವಿಷಯ.

‘ಪ್ರಕಟನೆಯಲ್ಲಿ ಬರುವ ಕ್ರಿಸ್ತವಿರೋಧಿ’ ಎಂದು ಆರನೇ ಪುಟದಲ್ಲಿದೆ. ಪ್ರಕಟನೆಯಲ್ಲಿ ಆ ಪದವೇ ಇಲ್ಲ! ಅಲ್ಲಿರುವುದು ಮೃಗ. ಕ್ರಿಸ್ತವಿರೋಧಿ ಬರುವುದು ಯೋಹಾನನ ಮೊದಲ ಮತ್ತು ಎರಡನೇ ಪತ್ರಗಳಲ್ಲಿ. ಅಲ್ಲೂ ‘ಈಗಾಗಲೇ ಬಹಳ ಮಂದಿ ಬಂದಿದ್ದಾರೆ’ ಎಂಬ ಧಾಟಿ. ಇವೆರಡನ್ನೂ ಒಂದೇ ಪಾತ್ರ ಮಾಡಿದ್ದು ಆಮೇಲಿನ ಓದುಗರು. ಹಾಗೆ ಓದಬಾರದು ಅನ್ನುವುದಿಲ್ಲ. ಓದಿದ್ದು ಯಾರು ಎಂದು ಬರೆಯಿರಿ.

ಇನ್ನು 666, ಪ್ರಕಟನೆಯಲ್ಲಿ ಆ ಮೃಗಕ್ಕೆ ಕೊಟ್ಟಿರುವ ಅಂಕಿ. ಬಾರ್‌ಕೋಡಿನ ಉದ್ದ ಗೆರೆಗಳಲ್ಲಿ ಮೂರು ಆರು ಅಡಗಿವೆ ಎಂದಿದ್ದೀರಿ. ಆ ಗೆರೆಗಳು ಅಂಕಿಗಳೇ ಅಲ್ಲ. ಎಲ್ಲಿ ಶುರು, ಎಲ್ಲಿ ನಡು, ಎಲ್ಲಿ ಮುಗಿಯಿತು ಎಂದು ಯಂತ್ರಕ್ಕೆ ತೋರಿಸುವ ಗುರುತು. ನೋಡಲು ಆರರ ಗೆರೆಯ ಹಾಗೆ ಕಾಣುತ್ತವೆ, ಅಷ್ಟೇ. ಆ ಇಡೀ ಪ್ಯಾರಾ ಹೊಡೆದುಹಾಕಿ. ಅದರ ಜಾಗದಲ್ಲಿ ಇದನ್ನು ಹೇಳಿ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಿದ್ದರು. ‘ನೇರೋನ್ ಕೈಸರ್’ ಎಂದು ಆ ಲಿಪಿಯಲ್ಲಿ ಬರೆದು ಕೂಡಿಸಿ: 50, 200, 6, 50. ಆಮೇಲೆ 100, 60, 200. ಮೊತ್ತ 666. ಈಗ ‘ನೇರೋನ್’ನ ಕೊನೆಯ ‘ನ್’ ಬಿಟ್ಟು ‘ನೇರೋ’ ಎಂದು ಬರೆಯಿರಿ. 50 ಹೋಯಿತು, 616 ಉಳಿಯಿತು. ಕೆಲವು ಹಳೆಯ ಕೈಬರಹದ ಪ್ರತಿಗಳಲ್ಲಿ 666ರ ಬದಲು 616 ಎಂದೇ ಇದೆ! ಮೃಗ ಎಂದರೆ ರೋಮಿನ ಚಕ್ರವರ್ತಿ ನೀರೋ ಎಂದು ಅನೇಕ ವಿದ್ವಾಂಸರು ಹೇಳುವುದು ಈ ಕಾರಣಕ್ಕೆ. ಎಲ್ಲರೂ ಒಪ್ಪಿಲ್ಲ, ಅದನ್ನೂ ಹೇಳಿ. ಎರಡನೇ ಶತಮಾನದಲ್ಲೇ ಇರೇನಿಯಸ್ ಎಂಬ ಬಿಷಪ್ ಈ 616ರ ಬಗ್ಗೆ ಬರೆದಿದ್ದರು. ಅದು ನಕಲು ಮಾಡುವವರ ತಪ್ಪು ಎಂಬುದು ಅವರ ವಾದ. ಆ ಅಂಕಿಗೆ ಹೊಂದುವ ಕೆಲವು ಹೆಸರು ಕೊಟ್ಟು, ಕೊನೆಗೆ ಸುಮ್ನೆ ಊಹಿಸಬೇಡಿ, ನಡೆಯುವ ತನಕ ಕಾಯಿರಿ ಎಂದರು. ಸಾವಿರದ ಎಂಟುನೂರು ವರ್ಷ ಕಳೆದರೂ ಯಾರೂ ಆ ಮಾತು ಕೇಳಿಲ್ಲ. ನೀವೂ ಕೇಳಿಲ್ಲ.

ಹತ್ತನೇ ಪುಟದಿಂದ ನಿಮ್ಮ ಧ್ವನಿ ಏಕದಂ ಬದಲಾಗುತ್ತದೆ. ಅಲ್ಲಿಯವರೆಗೆ ಉಪದೇಶ, ಅಲ್ಲಿಂದ ಗೇಲಿ. ದಿನಾಂಕ ಹೇಳಿ ಸೋತವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಕ್ಕಿದ್ದೀರಿ. ಕ್ರಿಸ್ತ ಬರುವ ಕಾಲ ಲೆಕ್ಕ ಹಾಕಿದ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ಗೆ ‘ಮೂರ್ಖ ರೈತ’ ಎಂದು ಹೆಸರಿಟ್ಟಿದ್ದೀರಿ. ರೈತ ಹೌದು. ಆದರೆ ವರ್ಷಗಟ್ಟಲೆ ಬೈಬಲನ್ನು ವಚನ ವಚನವಾಗಿ ಓದಿದ ಮನುಷ್ಯ. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, 1843ರ ಹತ್ತಿರಕ್ಕೆ ಬಂದರು. ಆ ಗಡುವು ದಾಟಿತು. ಆಮೇಲೆ 1844ರ ಅಕ್ಟೋಬರ್ 22 ಎಂಬ ದಿನ ಹೊರಟಿತು. ಅದು ಮಿಲ್ಲರ್ ಹಾಕಿದ ಲೆಕ್ಕವಲ್ಲ, ಅವರ ಜೊತೆಯವರೊಬ್ಬರದು. ಮಿಲ್ಲರ್ ಅದನ್ನು ಒಪ್ಪಿದ್ದು ಅಕ್ಟೋಬರ್ ಬಂದ ಮೇಲೆ. ಗದ್ದಲವೆಲ್ಲ ಎದ್ದ ಮೇಲೆ ಯಜಮಾನನೇ ಕೊನೆಗೆ ತಲೆಯಾಡಿಸಿದ ಹಾಗೆ. ಇದು ಮನುಷ್ಯರ ಕಥೆ. ನಿಮ್ಮ ಲೇಖನದಲ್ಲಿ ಇದು ಕಾಣಿಸಬೇಕಿತ್ತು.

ಅದರ ಬದಲು ಏನಿದೆ? ‘ಬಿಳಿ ನಿಲುವಂಗಿ ತೊಟ್ಟು ಮನೆಯ ಸೂರು ಹತ್ತಿ ಕಾದರು’ ಎಂದಿದೆ. ಎಲ್ಲರೂ ಹೇಳುವ ಕಥೆ, ಆದರೆ ಇದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಗೇಲಿ ಮಾಡಲು ಹುಟ್ಟಿದ ಕಥೆ ಎಂಬುದು ಇತಿಹಾಸ ಕೆದಕಿದವರ ಮಾತು. ನಿಜವಾಗಿ ನಡೆದದ್ದು ಇದಕ್ಕಿಂತ ಜಾಸ್ತಿ ನೋವಿನದು. ಕೆಲವರು ಹೊಲದಲ್ಲಿ ಬೆಳೆದದ್ದನ್ನು ಕೀಳದೆ ಬಿಟ್ಟಿದ್ದರು. ಆ ರಾತ್ರಿ ಒಟ್ಟಿಗೆ ಕೂತು ಕಾದರು. ಹನ್ನೆರಡು ಹೊಡೆಯಿತು. ಬೆಳಗಾಗುವ ತನಕ ಅತ್ತೆವು ಎಂದು ಅವರಲ್ಲೊಬ್ಬರಾದ ಹೈರಮ್ ಎಡ್ಸನ್ ಬರೆದಿಟ್ಟಿದ್ದಾರೆ. ಮಾರನೇ ದಿನ ಬೀದಿಯಲ್ಲಿ ನೆರೆಯವರ ಮುಖ ನೋಡಬೇಕು. ಆ ಬೆಳಗ್ಗೆಯನ್ನು ಬರೆಯಿರಿ ಸ್ವಾಮಿ, ನಿಲುವಂಗಿಯನ್ನಲ್ಲ. ಮಿಲ್ಲರ್ 1849ರಲ್ಲಿ ತೀರಿಕೊಂಡರು, ಕ್ರಿಸ್ತ ಬರುವ ದಿನ ಹತ್ತಿರವಿದೆ ಎಂಬ ನಂಬಿಕೆಯಲ್ಲೇ. ಆ ಗುಂಪಿನ ಒಂದು ಕವಲು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಕಟ್ಟಿಕೊಂಡಿತು.

ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ವಿಷಯದಲ್ಲೂ ಅರ್ಧ ಕಥೆ ಹೇಳಿದ್ದೀರಿ. 2011ರ ಮೇ 21 ಎಂದರು, ಆಗಲಿಲ್ಲ, ಅಕ್ಟೋಬರ್ 21 ಎಂದರು, ಅದೂ ಆಗಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದೀರಿ. ಮರುವರ್ಷ ಅವರು ತಪ್ಪಾಯಿತು, ದಿನ ಹೇಳಿದ್ದೇ ಪಾಪ ಎಂದು ಒಪ್ಪಿಕೊಂಡರು. ತೊಂಬತ್ತು ದಾಟಿದ ವಯಸ್ಸಿನಲ್ಲಿ. ನಗುವುದಾದರೆ ಇದನ್ನೂ ಹೇಳಿ ನಗಿ. ಆಗ ಎಷ್ಟು ನಗು ಉಳಿಯುತ್ತದೋ ಅಷ್ಟು ಸಾಕು. ‘ಆ ದಿನವೂ ಆ ಗಳಿಗೆಯೂ ಯಾರಿಗೂ ಗೊತ್ತಿಲ್ಲ’ ಎಂದು ಮತ್ತಾಯ 24:36ರಲ್ಲಿ ಯೇಸುವೇ ಹೇಳಿದ್ದಾನೆ. ಅದು ಗೊತ್ತಿದ್ದೂ ಜನ ಯಾಕೆ ಎಣಿಸಿದರು ಎಂಬ ಪ್ರಶ್ನೆಯನ್ನು ನೀವು ಎಲ್ಲೂ ಕೇಳಿಲ್ಲ.

ಮಾಯನ್ ಕ್ಯಾಲೆಂಡರಿನ 2012 ಕ್ರೈಸ್ತರದ್ದಲ್ಲ, ತೆಗೆಯಿರಿ. ಆಶ್ಚರ್ಯಸೂಚಕ ಚಿಹ್ನೆಗಳನ್ನೂ ಕಮ್ಮಿ ಮಾಡಿ. ಒಂದೇ ಪುಟದಲ್ಲಿ ಹದಿನೇಳಿವೆ.

ಈಗ ಒಂಬತ್ತನೇ ಪುಟ. ಮಧ್ಯಾಹ್ನ ನಿದ್ದೆಯಿಂದ ಎದ್ದ ಹುಡುಗ, ವಯಸ್ಸು ಒಂಬತ್ತು. ಮನೆಯಲ್ಲಿ ಯಾರೂ ಇಲ್ಲ. ಒಲೆಯ ಮೇಲೆ ಹಾಲು ಇನ್ನೂ ಬೆಚ್ಚಗಿದೆ. ಹಿಂದಿನ ಭಾನುವಾರವಷ್ಟೇ ಚರ್ಚಿನಲ್ಲಿ ಎತ್ತಲ್ಪಡುವಿಕೆಯ ಉಪದೇಶ ಕೇಳಿದ್ದಾನೆ. ತನ್ನನ್ನು ಬಿಟ್ಟು ಎಲ್ಲರೂ ಹೋಗಿಬಿಟ್ಟರು ಎಂದು ಹೆದರುತ್ತಾನೆ. ಅಮ್ಮನನ್ನು ಹುಡುಕುವುದಿಲ್ಲ. ದಿನಾ ಉಪವಾಸ ಪ್ರಾರ್ಥನೆ ಮಾಡುವ ಪಕ್ಕದ ಮನೆ ಅಜ್ಜಿಯ ಬಾಗಿಲಿಗೆ ಓಡುತ್ತಾನೆ. ಅಲ್ಲಿ ಅಜ್ಜಿಯ ಚಪ್ಪಲಿ ಇದೆ. ‘ಸಮಾಧಾನವಾಯಿತು’ ಎಂದು ಬರೆದು, ಮುಂದಿನ ಪ್ಯಾರಾದಲ್ಲಿ ಮತ್ತೆ ಭೂಕಂಪಕ್ಕೆ ಹೋಗಿಬಿಟ್ಟಿರಿ!

ಈ ಹುಡುಗ ನೀವೇ ತಾನೆ? ಹಾಗಿದ್ದರೆ ‘ಒಬ್ಬ ಬಾಲಕ’ ಅನ್ನುವ ಮುಚ್ಚುಮರೆ ಬೇಡ. ಅಮ್ಮನ ಬಳಿ ಯಾಕೆ ಹೋಗಲಿಲ್ಲ? ಅಮ್ಮ ಹೋಗಿರುವುದು ಗ್ಯಾರಂಟಿ ಇರಲಿಲ್ಲ, ಅಜ್ಜಿಯದು ಗ್ಯಾರಂಟಿ ಇತ್ತು, ಅದಕ್ಕೇ ಅಲ್ವಾ? ಒಂಬತ್ತು ವರ್ಷದ ಹುಡುಗ ಬೀದಿಯ ಎಲ್ಲರಿಗೂ ಒಳಗೊಳಗೇ ತೀರ್ಪು ಕೊಟ್ಟಾಗಿದೆ. ಅಮ್ಮನಿಗೂ, ತನಗೂ. ಅಂತ್ಯಕಾಲದ ನಂಬಿಕೆ ಒಂದು ಮನೆಯೊಳಗೆ ಬಂದು ಏನು ಮಾಡುತ್ತದೆ ಎಂಬುದು ನಿಮ್ಮ ಪಟ್ಟಿಗಿಂತ ಈ ಓಟದಲ್ಲಿ ಚೆನ್ನಾಗಿ ಕಾಣುತ್ತದೆ. ಇನ್ನೊಂದು. ಆ ಹುಡುಗನನ್ನು ಹೆದರಿಸಿದ ವಚನವನ್ನು ಪೌಲ ಬರೆದದ್ದು ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದವರಿಗೆ. ಆ ಅಧ್ಯಾಯದ ಕೊನೆಯ ಮಾತೇ ಇದರಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ ಎಂದು. ಸಂತೈಸಲು ಬರೆದ ಮಾತು ಹುಡುಗನ ಮಧ್ಯಾಹ್ನಕ್ಕೆ ಹೀಗೆ ಬಂದು ಮುಟ್ಟಿದ್ದು ಯಾವ ದಾರಿಯಲ್ಲಿ? ಡಾರ್ಬಿ, ಸ್ಕೋಫೀಲ್ಡ್, ಮಿಲ್ಲರ್ ಎಲ್ಲರೂ ಆ ದಾರಿಯಲ್ಲಿ ಸಿಗುತ್ತಾರೆ. ಬೇಕಾದವರನ್ನು ಮಾತ್ರ ಕರೆದುಕೊಂಡು ಬನ್ನಿ.

ಐದು ಪುಟ ಮೀರದಂತೆ ಮತ್ತೆ ಬರೆದು ಕಳಿಸಿ. ನೀವು ಇವತ್ತು ಇದನ್ನೆಲ್ಲ ನಂಬುತ್ತೀರೋ ಇಲ್ಲವೋ, ಎರಡೂ ನಮಗೆ ಸರಿಯೇ. ಎಲ್ಲಿ ನಿಂತು ಮಾತಾಡುತ್ತಿದ್ದೀರಿ ಎಂಬುದು ಓದುಗರಿಗೆ ಗೊತ್ತಾಗಬೇಕು, ಅಷ್ಟೇ.

ಒಂದು ಅನುಮಾನ ಮಾತ್ರ ನನ್ನನ್ನು ಬಿಡುತ್ತಿಲ್ಲ. ಎತ್ತಲ್ಪಟ್ಟವರು ಬಟ್ಟೆಬರೆ ಎಲ್ಲ ಇಲ್ಲೇ ಬಿಟ್ಟು ಹೋಗುತ್ತಾರೆ ಎಂದು ಐದನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಹಾಗಾದರೆ ಬಾಗಿಲಲ್ಲಿ ಚಪ್ಪಲಿ ಕಂಡ ಮಾತ್ರಕ್ಕೆ ಸಮಾಧಾನ ಹೇಗಾಯಿತು? ಬಾಗಿಲು ತಟ್ಟಿದಿರಾ? ಯಾರು ತೆಗೆದರು?

ಇಂತಿ,
ಸಂಪಾದಕ