ಕ್ರ್ಯಾಕ್ ಸೇದಿದವರೇ ಕೊಲೆ ಮಾಡಿದರೇ?

ಪ್ರಶ್ನೆ: ಅಮೆರಿಕದಲ್ಲಿ 1980ರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ಸೇದಿದವರು ತಲೆಕೆಟ್ಟು ಕೊಲೆ ಮಾಡುತ್ತಿದ್ದರಂತೆ. ಅದಕ್ಕೇ ಕ್ರ್ಯಾಕ್‌ಗೆ ಬೇರೆ ಡ್ರಗ್ಸ್‌ಗಿಂತ ಕಠಿಣ ಶಿಕ್ಷೆ ತಂದರಂತೆ. ನಿಜವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊಲೆಗಳು ನಡೆದದ್ದು ನಿಜ. ಆದರೆ ಹೆಚ್ಚಿನವು ನಶೆಯಲ್ಲಿ ನಡೆದವಲ್ಲ. ಸಂಶೋಧಕ ಪಾಲ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ನ್ಯೂಯಾರ್ಕ್ ನಗರದಲ್ಲಿ 1988ರಲ್ಲಿ ನಡೆದ 414 ಕೊಲೆಗಳನ್ನು ಕೆದಕಿ ನೋಡಿದರು. ಡ್ರಗ್ಸ್ ನಂಟಿದ್ದ ಕೊಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ವ್ಯಾಪಾರದ ಜಗಳಗಳು. ಯಾವ ಬೀದಿ ಯಾರದು, ಯಾರು ಬಾಕಿ ಕೊಟ್ಟಿಲ್ಲ, ಯಾರು ಮಾಲು ದೋಚಿದರು, ಇಂಥವೇ. ಕಳ್ಳ ದಂಧೆಯಲ್ಲಿ ಮೋಸ ಹೋದವನು ಪೊಲೀಸ್ ಠಾಣೆಗೆ ಹೋಗುವಂತಿಲ್ಲ, ಅಲ್ವಾ? ಅಲ್ಲಿ ಪಿಸ್ತೂಲಿನದೇ ಪಂಚಾಯ್ತಿ. ನಶೆಯೇ ಕಾರಣವಾದ ಕೊಲೆಗಳು ಕಡಿಮೆ. ಅವುಗಳಲ್ಲೂ ಬಹುಪಾಲು ಕುಡಿತದ ನಶೆ.

ಕ್ರ್ಯಾಕ್ ಬೇರೆ ವಸ್ತುವೇನಲ್ಲ. ಪುಡಿ ಕೊಕೇನನ್ನೇ ಸೇದಲು ಬರುವಂತೆ ಗಟ್ಟಿ ಮಾಡಿದ್ದು. ಪುಡಿ ದುಡ್ಡಿದ್ದವರ ಚಟವಾಗಿತ್ತು. ಕ್ರ್ಯಾಕ್‌ನ ಸಣ್ಣ ಚೂರು 5–10 ಡಾಲರ್‌ಗೆ ಬೀದಿ ಮೂಲೆಯಲ್ಲೇ ಸಿಗುತ್ತಿತ್ತು. ನಶೆ ಕೆಲವೇ ನಿಮಿಷ. ಇಳಿದ ಕೂಡಲೇ ಗಿರಾಕಿ ಮತ್ತೆ ಬಂದು ನಿಲ್ಲುತ್ತಿದ್ದ. ಹಾಗಾಗಿ ಒಂದೊಂದು ಮೂಲೆಗೂ ಬೆಲೆ ಬಂತು, ಅದನ್ನು ಕಾಯುವ ಹುಡುಗರ ಕೈಗೆ ಬಂದೂಕು ಬಂತು.

ಇನ್ನು ಕಾನೂನು. 1986ರ ಜೂನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್ ಕೊಕೇನ್‌ನಿಂದ ಸತ್ತ. ಬಾಸ್ಟನ್ ಸೆಲ್ಟಿಕ್ಸ್ ತಂಡ ಅವನನ್ನು ಆರಿಸಿಕೊಂಡು ಎರಡೇ ದಿನವಾಗಿತ್ತು. ದೇಶ ಬೆಚ್ಚಿತು, ಚುನಾವಣೆಯೂ ಹತ್ತಿರವಿತ್ತು. ಅಕ್ಟೋಬರ್‌ನಲ್ಲೇ ಕಾನೂನು ಬಂತು. 5 ಗ್ರಾಂ ಕ್ರ್ಯಾಕ್ ಮಾರಿದರೆ ಕನಿಷ್ಠ 5 ವರ್ಷ ಜೈಲು. ಅದೇ ಶಿಕ್ಷೆಗೆ ಪುಡಿಯಾದರೆ 500 ಗ್ರಾಂ ಬೇಕು! 5 ಗ್ರಾಂ ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು ತೂಕ. ಎರಡು ವರ್ಷದ ನಂತರ, ಮಾರದೆ ಸುಮ್ನೆ ಅಷ್ಟು ಇಟ್ಟುಕೊಂಡವರಿಗೂ ಅದೇ ಶಿಕ್ಷೆಯಾಯಿತು. ಸಿಕ್ಕಿಬಿದ್ದವರು ದೊಡ್ಡ ಕುಳಗಳಿಗಿಂತ ಬೀದಿ ಹುಡುಗರೇ ಜಾಸ್ತಿ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟ್‌ಗಳಲ್ಲಿ ಕ್ರ್ಯಾಕ್‌ಗಾಗಿ ಶಿಕ್ಷೆಯಾದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಕಪ್ಪು ಜನ. ಇದು ದೊಡ್ಡ ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

1995ರಲ್ಲೇ ಸರ್ಕಾರದ ಶಿಕ್ಷಾ ಆಯೋಗ ಕ್ರ್ಯಾಕ್‌ಗೂ ಪುಡಿಗೂ ಇದ್ದ ಈ ಅಂತರ ತೆಗೆಯಿರಿ ಅಂದಿತು. ಸಂಸತ್ತು ಒಪ್ಪಲಿಲ್ಲ. 2010ರಲ್ಲಿ ಒಬಾಮಾ ಸಹಿ ಮಾಡಿದ ಕಾನೂನು 100 ಪಟ್ಟು ಇದ್ದ ಈ ಅಂತರವನ್ನು 18 ಪಟ್ಟಿಗೆ ಇಳಿಸಿತು. ಆದರೆ ಆಗಲೇ ಜೈಲಿನಲ್ಲಿದ್ದವರು ಅದರ ಲಾಭ ಪಡೆಯಲು 2018ರವರೆಗೆ ಕಾಯಬೇಕಾಯಿತು. ಅಂತರವನ್ನು ಪೂರ್ತಿ ಅಳಿಸುವ ಮಸೂದೆ 2021ರಲ್ಲಿ ಕೆಳಮನೆಯಲ್ಲಿ ಭಾರೀ ಬಹುಮತದಿಂದ ಪಾಸಾದರೂ, ಸೆನೆಟ್ ದಾಟಲಿಲ್ಲ.