ಮಾರಾಟ ಏರಿಲ್ಲ, ಲಾಭ ಏರಿದೆ: ಹೇಗೆ?

ಪ್ರಶ್ನೆ: ಒಂದು ದೊಡ್ಡ ಕಂಪನಿಯ ವಾರ್ಷಿಕ ವರದಿ ಓದುತ್ತಿದ್ದೇನೆ. ಮಾರಾಟ ಹೋದ ವರ್ಷದಷ್ಟೇ ಇದೆ. ಲಾಭ ಮಾತ್ರ ಶೇ 12ರಷ್ಟು ಏರಿದೆ. ಸಂಶೋಧನೆ ಖರ್ಚು ಇಳಿದಿದೆ, ಪೆನ್ಷನ್ ಖರ್ಚೂ ಇಳಿದಿದೆ. ರಿಸ್ಟ್ರಕ್ಚರಿಂಗ್ (ಕಂಪನಿಯ ಪುನರ್‌ರಚನೆ) ಖರ್ಚನ್ನು ಬಿಟ್ಟು ಲಾಭ ತೋರಿಸಿದ್ದಾರೆ. ಇದು ಒಳ್ಳೆಯ ಸುದ್ದಿನಾ?

ಉತ್ತರ: ಅನುಮಾನ ಬಂದಿದ್ದಕ್ಕೇ ಅಲ್ವಾ ನೀವು ಕೇಳಿದ್ದು? ನಿಮ್ಮ ಅನುಮಾನ ಸರಿಯಾಗಿದೆ. ಕಚ್ಚಾ ಮಾಲಿನ ಬೆಲೆ, ಕರೆಂಟ್ ಬಿಲ್ಲು ಇವೆಲ್ಲ ಮ್ಯಾನೇಜರ್ ಮಾತು ಕೇಳುವುದಿಲ್ಲ. ನೀವು ಹೇಳಿದ ಮೂರು ಮಾತ್ರ ಅಷ್ಟಿಷ್ಟು ಕೇಳುತ್ತವೆ.

ಸಂಶೋಧನೆಯನ್ನೇ ನೋಡಿ. ಅಮೆರಿಕದಲ್ಲಿ 1974ರಲ್ಲಿ ಬಂದ ನಿಯಮದ ಪ್ರಕಾರ ಆರ್ ಅಂಡ್ ಡಿ (ಸಂಶೋಧನೆ ಮತ್ತು ಅಭಿವೃದ್ಧಿ) ಖರ್ಚನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಆಯಾ ವರ್ಷವೇ ಲಾಭದಿಂದ ಕಳೆಯಬೇಕು. ಅಂದರೆ ಈ ವರ್ಷ 100 ಕಡಿಮೆ ಖರ್ಚು ಮಾಡಿದರೆ ತೆರಿಗೆಗೆ ಮುಂಚಿನ ಲಾಭ ಈ ವರ್ಷವೇ 100 ಜಾಸ್ತಿ. ಅದರ ಪೆಟ್ಟು ಗೊತ್ತಾಗುವುದು ಐದಾರು ವರ್ಷ ಕಳೆದು, ಹೊಸ ಮಾಲು ಬರಬೇಕಿದ್ದ ಹೊತ್ತಿಗೆ ಬಾರದೆ ಹೋದಾಗ, ಅಷ್ಟರಲ್ಲಿ ಖರ್ಚು ಕತ್ತರಿಸಿ ಬೋನಸ್ ತೆಗೆದುಕೊಂಡವರು ಬೇರೆ ಕಂಪನಿಯಲ್ಲಿರುತ್ತಾರೆ. ಬಿತ್ತನೆ ಬೀಜ ಬೇಯಿಸಿ ಉಂಡ ಹಾಗೆ. ಅವತ್ತಿನ ಊಟವೇನೋ ಚೆನ್ನಾಗಿಯೇ ಇರುತ್ತದೆ.

ಆದರೆ ಇಳಿದಿದ್ದೆಲ್ಲ ತಪ್ಪು ಅಂತಲ್ಲ. ಔಷಧ ಕಂಪನಿಯಲ್ಲಿ ಮೂರನೇ ಹಂತದ ದೊಡ್ಡ ಪ್ರಯೋಗ ಮುಗಿದರೆ ಖರ್ಚು ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಒಂದು ವರ್ಷದ ಅಂಕಿ ನೋಡಬೇಡಿ. ಮಾರಾಟದಲ್ಲಿ ಸಂಶೋಧನೆಯ ಪಾಲು ಶೇಕಡಾ ಎಷ್ಟು ಅಂತ ಐದು ವರ್ಷದ್ದು ಒಂದು ಸಾಲಲ್ಲಿ ಬರೆದುಕೊಳ್ಳಿ. ಇಳಿದಿದ್ದರೆ ಕಾರಣ ವರದಿಯಲ್ಲೇ ಇರಬೇಕು. ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಪ್ರಶ್ನೆ: ನಿವೃತ್ತರ ಸಂಖ್ಯೆ ಕಡಿಮೆ ಆಗಿಲ್ಲ. ಪೆನ್ಷನ್ ಖರ್ಚು ಹೇಗೆ ಕಡಿಮೆ ಆಗುತ್ತದೆ?

ಉತ್ತರ: ಯಾಕೆಂದರೆ ಲಾಭ-ನಷ್ಟದ ಪಟ್ಟಿಯಲ್ಲಿರುವ 'ಪೆನ್ಷನ್ ಖರ್ಚು' ನಿವೃತ್ತರ ಕೈಗೆ ಹೋದ ಹಣ ಅಲ್ಲ. ಅದೊಂದು ಅಂದಾಜು. ಒಂದಲ್ಲ, ಅಂದಾಜಿನ ಮೇಲೆ ಅಂದಾಜು.

ಒಂದು ಸಣ್ಣ ಲೆಕ್ಕ ಮಾಡೋಣ. ಇಪ್ಪತ್ತು ವರ್ಷ ಬಿಟ್ಟು ಒಬ್ಬರಿಗೆ 100 ಕೊಡಬೇಕು. ಅದಕ್ಕೆ ಇವತ್ತು ಎಷ್ಟು ಎತ್ತಿಡಬೇಕು? ಬಡ್ಡಿ ಶೇ 5 ಅಂತ ಹಿಡಿದರೆ ಸುಮಾರು 38 ಸಾಕು. ಶೇ 4 ಅಂತ ಹಿಡಿದರೆ ಸುಮಾರು 46 ಬೇಕು. ಒಬ್ಬ ನೌಕರನೂ ಹೆಚ್ಚಲಿಲ್ಲ, ಕೊಡುವ ಹಣವೂ ಬದಲಾಗಲಿಲ್ಲ, ಆದರೂ ಹೊಣೆ ಐದರಲ್ಲಿ ಒಂದು ಪಾಲಿನಷ್ಟು ಏರಿತು. ಈ ದರವನ್ನು ಡಿಸ್ಕೌಂಟ್ ರೇಟ್ ಅನ್ನುತ್ತಾರೆ. ಒಳ್ಳೆಯ ದರ್ಜೆಯ ಕಂಪನಿ ಬಾಂಡ್‌ಗಳ ಬಡ್ಡಿಯ ಮೇಲೆ ಅದನ್ನು ಕಟ್ಟಬೇಕು, ಹಾಗಾಗಿ ಮನಸ್ಸಿಗೆ ಬಂದಂತೆ ಬರೆಯುವಂತಿಲ್ಲ.

ಇನ್ನೊಂದು ಅಂದಾಜಿದೆ, ಅದರ ಮೇಲೇ ನನಗೆ ಕಣ್ಣು. ಪೆನ್ಷನ್ ನಿಧಿಯ ಹಣ ಷೇರು, ಬಾಂಡ್‌ಗಳಲ್ಲಿ ಇರುತ್ತದಲ್ಲ, ಅದು ವರ್ಷಕ್ಕೆ ಎಷ್ಟು ದುಡಿಯಬಹುದು ಎಂಬ ನಿರೀಕ್ಷೆ. ಅಮೆರಿಕದ ಲೆಕ್ಕದಲ್ಲಿ ಈ ನಿರೀಕ್ಷೆಯ ಗಳಿಕೆಯನ್ನು ಪೆನ್ಷನ್ ಖರ್ಚಿನಿಂದ ಕಳೆಯುತ್ತಾರೆ. ನಿಧಿಯಲ್ಲಿ 1,000 ಇದೆ, ಶೇ 8 ಬರುತ್ತದೆ ಅಂತ ಬರೆದರೆ 80 ಕಳೆಯಬಹುದು. ಆ ವರ್ಷ ನಿಜವಾಗಿ 100 ನಷ್ಟವಾಗಿದ್ದರೂ 80ನ್ನೇ ಕಳೆಯುತ್ತಾರೆ. ವ್ಯತ್ಯಾಸವನ್ನು ಪಕ್ಕಕ್ಕಿಟ್ಟು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಹಂಚುತ್ತಾರೆ. 2000ದ ಆಸುಪಾಸಿನಲ್ಲಿ ಎಷ್ಟೋ ಕಂಪನಿಗಳು ಶೇ 9ರ ಸುತ್ತಮುತ್ತ ಬರೆದುಕೊಂಡಿದ್ದವು. ಆಮೇಲೆ ಮಾರುಕಟ್ಟೆ ಬಿತ್ತು, ನಿಧಿ ಕರಗಿತು, ಕಾಗದದ ಗಳಿಕೆ ಮಾತ್ರ ಲಾಭದ ಪಟ್ಟಿಗೆ ಬರುತ್ತಲೇ ಇತ್ತು.

ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಪಾಲಿಸುವ ಕಂಪನಿಗಳಿಗೆ 2013ರಿಂದ ಈ ಆಟ ಇಲ್ಲ. ಹೊಣೆಗೆ ಯಾವ ದರವೋ ನಿಧಿಗೂ ಅದೇ ದರ.

ಹಾಗಾಗಿ ವರದಿಯ ಕೊನೆಗೆ ಸಣ್ಣ ಅಕ್ಷರದ ಟಿಪ್ಪಣಿಗಳಿಗೆ ಹೋಗಿ. ನಿಧಿಯ ಮೌಲ್ಯ ಎಷ್ಟು, ಹೊಣೆ ಎಷ್ಟು, ಈ ವರ್ಷ ಕಂಪನಿ ಕೈಯಿಂದ ಹಾಕಿದ ಹಣ ಎಷ್ಟು, ದರ ಹೋದ ವರ್ಷಕ್ಕಿಂತ ಬದಲಾಗಿದೆಯಾ. ಇಷ್ಟು ಸಿಕ್ಕರೆ ವರದಿಯ ಮೊದಲ ಪುಟಗಳ ಬಣ್ಣದ ಚಿತ್ರಗಳನ್ನು ಬಿಟ್ಟರೂ ನಷ್ಟವಿಲ್ಲ.

ಪ್ರಶ್ನೆ: ರಿಸ್ಟ್ರಕ್ಚರಿಂಗ್ 'ಒಂದು ಬಾರಿಯ ಖರ್ಚು' ಎನ್ನುತ್ತಾರೆ. ಆದರೆ ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಪ್ರತಿ ವರ್ಷವೂ ಇದೆ!

ಉತ್ತರ: ವರ್ಷ ವರ್ಷ ಬರುವ ನೆಂಟನನ್ನು ಅಪರೂಪದವನು ಅನ್ನುವುದು ಹೇಗೆ? ನಾನೂ ಒಮ್ಮೆ ಈ ಮಾತಿಗೆ ಮರುಳಾಗಿ ಷೇರು ಕೊಂಡಿದ್ದೆ. ಹೆಸರು ಬೇಡ. 'ಇದು ಕೊನೆಯದು' ಅಂತ ಮೂರು ವರ್ಷ ಬರೆದರು, ನಾಲ್ಕನೇ ವರ್ಷ ನಾನೇ ಮಾರಿ ಹೊರಬಿದ್ದೆ.

ಇಲ್ಲಿ ಇರುವುದೇನು? ಕೆಲಸದಿಂದ ತೆಗೆದವರಿಗೆ ಕೊಡುವ ಪರಿಹಾರ, ಮುಚ್ಚಿದ ಘಟಕದ ಬಾಡಿಗೆ ಒಪ್ಪಂದ ಮುರಿಯುವ ಹಣ, ಬೆಲೆ ಕಳೆದುಕೊಂಡ ಯಂತ್ರಗಳು. ಖರ್ಚು ನಿಜವೇ. ಕೆಲವೊಮ್ಮೆ ಬೇಕಾದದ್ದೇ. 1993ರಲ್ಲಿ ಐಬಿಎಂ ಸುಮಾರು 890 ಕೋಟಿ ಡಾಲರ್ ರಿಸ್ಟ್ರಕ್ಚರಿಂಗ್ ಖರ್ಚು ಬರೆದು ಸುಮಾರು 810 ಕೋಟಿ ಡಾಲರ್ ನಷ್ಟ ತೋರಿಸಿತು, ಆಮೇಲೆ ಕಂಪನಿ ಎದ್ದು ನಿಂತಿತು.

ತೊಂದರೆ ಬೇರೆ ಕಡೆ. ಹೇಗೂ ಕೆಟ್ಟ ವರ್ಷ, ಮುಳುಗಿದವನಿಗೆ ಚಳಿಯೇನು ಗಾಳಿಯೇನು ಅಂತ ಮುಂದಿನ ವರ್ಷಗಳ ಖರ್ಚನ್ನೂ ಸೇರಿಸಿ ದೊಡ್ಡ ಮೊತ್ತ ಬರೆದುಬಿಡುತ್ತಾರೆ. 500 ಎತ್ತಿಟ್ಟು 420 ಮಾತ್ರ ಖರ್ಚಾಯಿತು ಅಂದುಕೊಳ್ಳಿ. ಉಳಿದ 80 ಮುಂದಿನ ವರ್ಷ ಸದ್ದಿಲ್ಲದೆ ಲಾಭಕ್ಕೆ ವಾಪಸ್. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿಟ್ 1998ರಲ್ಲಿ ಈ ಚಾಳಿಯನ್ನು 'ಬಿಗ್ ಬಾತ್' (ದೊಡ್ಡ ಸ್ನಾನ) ಎಂದು ಹೆಸರಿಟ್ಟೇ ಟೀಕಿಸಿದ್ದರು. ಆಮೇಲೆ ನಿಯಮ ಬಿಗಿಯಾಯಿತು. ಈಗ ಬರೀ 'ಯೋಜನೆ ಇದೆ' ಅಂದ ಮಾತ್ರಕ್ಕೆ ಖರ್ಚು ಬರೆಯುವಂತಿಲ್ಲ.

ಎಸ್‌ಇಸಿಯ ಇನ್ನೊಂದು ನಿಯಮ ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುತ್ತದೆ. ಅದಕ್ಕೆ ಸಲ್ಲಿಸುವ ವರದಿಗಳಲ್ಲಿ, ಹಿಂದಿನ ಎರಡು ವರ್ಷದಲ್ಲಿ ಅಂಥದ್ದೇ ಖರ್ಚು ಬಂದಿದ್ದರೆ ಅಥವಾ ಮುಂದಿನ ಎರಡು ವರ್ಷದಲ್ಲಿ ಬರುವ ಹಾಗಿದ್ದರೆ, ಅದನ್ನು 'ಮತ್ತೆ ಬಾರದ ಖರ್ಚು' ಎಂದು ಕರೆದು ಲಾಭದ ಲೆಕ್ಕದಿಂದ ಹೊರಗಿಡುವಂತಿಲ್ಲ. ನೀವು ಸುಮ್ನೆ ನಾಲ್ಕು ವರ್ಷದ್ದನ್ನು ಕೂಡಿ, ನಾಲ್ಕರಿಂದ ಭಾಗಿಸಿ, ಈ ಖರ್ಚು ಬಿಟ್ಟು ಅವರು ತೋರಿಸಿದ ಪ್ರತಿ ವರ್ಷದ ಲಾಭದಿಂದ ಅಷ್ಟನ್ನು ಕಳೆಯಿರಿ.

ಪ್ರಶ್ನೆ: ಎರಡು ಕಾರು ಕಂಪನಿಗಳ ಸಂಶೋಧನೆ ಖರ್ಚು ಹೋಲಿಸಬಹುದೇ?

ಉತ್ತರ: ಎರಡೂ ಒಂದೇ ನಿಯಮದಲ್ಲಿದ್ದರೆ ಹೋಲಿಸಬಹುದು. ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಅಂತರರಾಷ್ಟ್ರೀಯ ನಿಯಮದಂತೆ ಹೊಸ ಮಾದರಿ ಅಭಿವೃದ್ಧಿಯ ಖರ್ಚಿನಲ್ಲಿ ಒಂದು ಪಾಲನ್ನು ಆಸ್ತಿ ಅಂತ ಬರೆದು ವರ್ಷಗಳ ಮೇಲೆ ಹಂಚುತ್ತವೆ. ಜನರಲ್ ಮೋಟರ್ಸ್ ಆಯಾ ವರ್ಷವೇ ಕಳೆಯುತ್ತದೆ. ಮೊದಲು ಟಿಪ್ಪಣಿಯಲ್ಲಿ ಒಟ್ಟು ಖರ್ಚು ಹುಡುಕಿ, ಆಮೇಲೆ ಹೋಲಿಸಿ.

ಪ್ರಶ್ನೆ: ಪೆನ್ಷನ್ ಹೊಣೆಯನ್ನು ವಿಮಾ ಕಂಪನಿಗೆ ದಾಟಿಸಿದರಂತೆ. ಹಾಗೂ ಮಾಡಬಹುದಾ?

ಉತ್ತರ: ಮಾಡಬಹುದು. 2012ರಲ್ಲಿ ಜನರಲ್ ಮೋಟರ್ಸ್ ಅಮೆರಿಕದಲ್ಲಿ ತನ್ನಲ್ಲಿ ತಿಂಗಳ ಸಂಬಳಕ್ಕೆ (ಗಂಟೆ ಕೂಲಿಗಲ್ಲ) ದುಡಿದು ನಿವೃತ್ತರಾದವರಲ್ಲಿ ಬಹಳಷ್ಟು ಮಂದಿಯ ಪೆನ್ಷನ್ ಹೊಣೆಯನ್ನು ಪ್ರುಡೆನ್ಷಿಯಲ್‌ಗೆ ಒಪ್ಪಿಸಿತು. ಹೀಗೆ ಮಾಡಿದ ವರ್ಷ, ಹಿಂದೆ ಪಕ್ಕಕ್ಕಿಟ್ಟಿದ್ದ ನಷ್ಟ ಒಮ್ಮೆಲೇ ಲಾಭ-ನಷ್ಟದ ಪಟ್ಟಿಗೆ ಬಂದು ಬೀಳುತ್ತದೆ. ಮೊತ್ತ ನೋಡಿ ಗಾಬರಿಯಾಗಬೇಡಿ, ಅದು ಹಳೆಯ ನಷ್ಟ. ವಿಮಾ ಕಂಪನಿಗೆ ಕೊಡುವ ಹಣ ಸಾಮಾನ್ಯವಾಗಿ ಪೆನ್ಷನ್ ನಿಧಿಯಿಂದಲೇ ಹೋಗುತ್ತದೆ, ನಿಧಿ ಸಾಲದಿದ್ದರೆ ಮಾತ್ರ ಕಂಪನಿ ಕೈಯಿಂದ ಸೇರಿಸಬೇಕು. ಎಷ್ಟು ಸೇರಿಸಿತು ಅಂತ ಹಣದ ಹರಿವಿನ ಪಟ್ಟಿಯಲ್ಲಿ ನೋಡಿ.