ಇಪ್ಪತ್ತನೇ ವಯಸ್ಸಿನಲ್ಲಿ ಒಪೆರಾ ಕಲಿಕೆ: ಶಿವಮೊಗ್ಗದ ಸದಸ್ಯರ ಪ್ರಶ್ನೆಗೆ ಉತ್ತರ

ಶಿವಮೊಗ್ಗದ ಸದಸ್ಯರಿಗೆ ನಮಸ್ಕಾರ. ಬಿ.ಕಾಂ. ಕೊನೆಯ ವರ್ಷದಲ್ಲಿರುವ, ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿರುವ ನಿಮ್ಮ ಮಗಳು ಒಪೆರಾ (ಪಾಶ್ಚಾತ್ಯ ಗೀತನಾಟಕ) ಗಾಯಕಿಯಾಗಬೇಕೆಂದು ಹಟ ಹಿಡಿದಿದ್ದಾಳೆ, ಮನೆಯಲ್ಲಿ ಯಾರಿಗೂ ಆ ಸಂಗೀತದ ಗಂಧಗಾಳಿಯಿಲ್ಲ, ಇಪ್ಪತ್ತು ವರ್ಷಕ್ಕೆ ಶುರುಮಾಡಿದರೆ ಅದು ಹೊಟ್ಟೆಪಾಡಿನ ದಾರಿಯಾದೀತೇ ಎಂದು ಕೇಳಿದ್ದೀರಿ. ಹಲವರು "ಅದೆಲ್ಲ ಯುರೋಪಿನವರಿಗೆ" ಎಂದು ಉತ್ತರಿಸಿದ್ದಾರೆ. ಬೆಂಗಳೂರಿನ ಕಾಯಿರ್‌ಗಳಲ್ಲಿ (ವೃಂದಗಾಯನ ತಂಡಗಳಲ್ಲಿ) ಹಾಡುತ್ತ, ಆರಂಭದ ಹಂತದವರಿಗೆ ಧ್ವನಿಪಾಠ ಹೇಳಿಕೊಡುತ್ತ ಬಂದಿರುವ ನನಗೆ ಆ ಮಾತು ಸರಿಯೆನಿಸದ ಕಾರಣ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಪೆರಾ ಗಾಯಕಿ ಪ್ರಿಟಿ ಯೆಂಡೆ ಅವರ ವಿಷಯ ಹೇಳುತ್ತೇನೆ. 1985ರಲ್ಲಿ ದಕ್ಷಿಣ ಆಫ್ರಿಕಾದ ಪೀಟ್ ರೆಟೀಫ್ ಎಂಬ ಸಣ್ಣ ಊರಿನ ಬಳಿ ಹುಟ್ಟಿದ ಅವರು ಚರ್ಚಿನಲ್ಲಿ ಹಾಡುತ್ತಿದ್ದರಾದರೂ ಆಗಬೇಕೆಂದುಕೊಂಡಿದ್ದದ್ದು ಅಕೌಂಟೆಂಟ್. 16ನೇ ವಯಸ್ಸಿನಲ್ಲಿ ಟಿವಿಯಲ್ಲಿ ಬಂದ ಬ್ರಿಟಿಷ್ ಏರ್‌ವೇಸ್ ಜಾಹೀರಾತಿನಲ್ಲಿ ಇಬ್ಬರು ಹೆಂಗಸರು ಜೊತೆಯಾಗಿ ಹಾಡುವ ಒಂದು ತುಣುಕು ಅವರ ಕಿವಿಗೆ ಬಿತ್ತು. ಇದೇನೆಂದು ಶಾಲೆಯ ಶಿಕ್ಷಕರನ್ನು ಕೇಳಿದಾಗಲೇ ಒಪೆರಾ ಎಂಬುದೊಂದಿದೆ ಎಂದು ತಿಳಿದದ್ದು. ಅದು 1883ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶನಗೊಂಡ ಫ್ರೆಂಚ್ ಸಂಗೀತಕಾರ ಡೆಲೀಬ್ ಅವರ 'ಲಕ್ಮೆ' ಒಪೆರಾದ ಯುಗಳಗೀತೆ. ಆ ಕಥೆ ನಡೆಯುವುದು ನಮ್ಮ ದೇಶದಲ್ಲಿ, ಹಾಡುವವರು ಒಬ್ಬ ಪುರೋಹಿತನ ಮಗಳು ಲಕ್ಮೆ ಮತ್ತು ಅವಳ ಸೇವಕಿ ಮಲ್ಲಿಕಾ.

ಜಾಹೀರಾತಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿಮಗೆ ಉಪಯೋಗಕ್ಕೆ ಬರುವುದು ಅದರ ನಂತರದ ಭಾಗ. ಯೆಂಡೆ ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಸೇರಿ ಪದವಿ ಪಡೆದರು, 2009ರಲ್ಲಿ ವಿಯೆನ್ನಾದ ಬೆಲ್ವೆಡೇರ್ ಗಾಯನ ಸ್ಪರ್ಧೆಯ ಎಲ್ಲ ವಿಭಾಗಗಳಲ್ಲೂ ಗೆದ್ದರು, ಮಿಲಾನಿನ ಲಾ ಸ್ಕಾಲಾ ಒಪೆರಾ ಮನೆಯ ಅಕಾಡೆಮಿಯಲ್ಲಿ ತರಬೇತಿ ಪಡೆದರು, 2011ರಲ್ಲಿ ಒಪೆರಾಲಿಯಾ ಎಂಬ ಅಂತರರಾಷ್ಟ್ರೀಯ ಗಾಯನ ಸ್ಪರ್ಧೆ ಗೆದ್ದರು. 2013ರ ಜನವರಿಯಲ್ಲಿ ಇನ್ನೊಬ್ಬ ಗಾಯಕಿಯ ಬದಲಿಗೆ ತೀರ ಕಡಿಮೆ ಸಮಯದಲ್ಲಿ ಪಾತ್ರ ಕಲಿತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ವೇದಿಕೆ ಹತ್ತಿದರು; ಪ್ರವೇಶದಲ್ಲೇ ಎಡವಿ ಬಿದ್ದರೂ ಎದ್ದು ಹಾಡಿದರು. ಜಾಹೀರಾತಿನಿಂದ ಅಲ್ಲಿಯವರೆಗೆ ಸುಮಾರು ಹನ್ನೊಂದು ವರ್ಷ. ಅಂದರೆ ವಿಚಿತ್ರವಾಗಿರುವುದು ಮೊದಲ ಹೆಜ್ಜೆಯೊಂದೇ. ಉಳಿದದ್ದು ಗುರು, ಕಾಲೇಜು, ಸ್ಪರ್ಧೆ, ಅಕಾಡೆಮಿ ಎಂಬ ಮಾಮೂಲಿ ದಾರಿ. ನಿಮ್ಮ ಮಗಳಿಗೂ ಮೊದಲ ಹೆಜ್ಜೆ ಆಗಿಹೋಗಿದೆ. ಯಾರೋ ಬಂದು ಗುರುತಿಸಲಿ ಎಂದು ಕಾಯದೆ, ಆ ಮಾಮೂಲಿ ದಾರಿಗೆ ಎಲ್ಲಿ ಸೇರಿಕೊಳ್ಳಬಹುದು ಎಂಬುದನ್ನಷ್ಟೇ ಈಗ ನೋಡಬೇಕು.

ವಯಸ್ಸಿನ ಚಿಂತೆಗೆ ಕ್ಯಾಥ್ಲೀನ್ ಫೆರಿಯರ್ ಅವರನ್ನು ನೆನೆಯಿರಿ. ಇಂಗ್ಲೆಂಡಿನ ಲ್ಯಾಂಕಾಷೈರಿನವರಾದ ಈ ಪ್ರಸಿದ್ಧ ಗಾಯಕಿ 14ನೇ ವಯಸ್ಸಿಗೆ ಶಾಲೆ ಬಿಟ್ಟು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸಕ್ಕೆ ಸೇರಿದ್ದರು. 1937ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿದ್ದಾಗ, ಗಂಡನೊಡನೆ ಒಂದು ಶಿಲಿಂಗ್ ಪಣ ಕಟ್ಟಿ ಕಾರ್ಲೈಲ್ ಉತ್ಸವದ ಗಾಯನ ಸ್ಪರ್ಧೆಗೆ ಹೆಸರು ಕೊಟ್ಟು, ಪಿಯಾನೊ ಮತ್ತು ಗಾಯನ ಎರಡರಲ್ಲೂ ಗೆದ್ದರು. ಕ್ರಮಬದ್ಧವಾದ ಧ್ವನಿ ಶಿಕ್ಷಣ ಆರಂಭವಾದದ್ದು ಅದರ ನಂತರ. ಆದರೆ ಅವರು ಚಿಕ್ಕಂದಿನಿಂದಲೇ ಒಳ್ಳೆಯ ಪಿಯಾನೊ ವಾದಕಿಯಾಗಿದ್ದರು, ಸ್ವರಲಿಪಿ ಕರತಲಾಮಲಕವಾಗಿತ್ತು ಎಂಬುದನ್ನು ಮರೆಯಬಾರದು. ನಿಮ್ಮ ಮಗಳು ತುಂಬಿಕೊಳ್ಳಬೇಕಾದ ಕೊರತೆ ಇರುವುದು ಇಲ್ಲಿಯೇ.

ಇನ್ನು ಧ್ವನಿಯ ಮಾತು. ಒಪೆರಾದಲ್ಲಿ ಸಾಮಾನ್ಯವಾಗಿ ಮೈಕ್ ಇರುವುದಿಲ್ಲ. ಹತ್ತಾರು ವಾದ್ಯಗಳ ಸದ್ದನ್ನು ದಾಟಿ ಕೊನೆಯ ಸಾಲಿಗೆ ದನಿ ಕೇಳಬೇಕು, ಮತ್ತು ಅದು ಕಿರುಚಿ ಸಾಧಿಸುವ ಕೆಲಸವಲ್ಲ. ಆರ್ಕೆಸ್ಟ್ರಾದ (ವಾದ್ಯವೃಂದದ) ಸದ್ದಿನ ಶಕ್ತಿ 500 ಹರ್ಟ್ಸ್‌ನ (ಸೆಕೆಂಡಿಗೆ 500 ಕಂಪನಗಳ) ಆಸುಪಾಸಿನಲ್ಲಿ ಹೆಚ್ಚಿದ್ದು 3,000 ಹರ್ಟ್ಸ್ ಹತ್ತಿರ ಇಳಿದಿರುತ್ತದೆ. ತರಬೇತಾದ ಗಂಡು ದನಿಗಳು ಮತ್ತು ತಗ್ಗಿನ ಹೆಣ್ಣು ದನಿಗಳು ಗಂಟಲಿನ ಆಕಾರವನ್ನು ಹದಗೊಳಿಸಿ ಆ ತೆರವಿನಲ್ಲೇ ಮೊಳಗುತ್ತವೆ. ಸೊಪ್ರಾನೊಗಳು, ಅಂದರೆ ಎತ್ತರದ ಹೆಣ್ಣು ದನಿಯವರು, ಎತ್ತರದ ಸ್ವರಗಳಲ್ಲಿ ದವಡೆ ಸಡಿಲಿಸಿ, ಬಾಯಿಯನ್ನು ಹೆಚ್ಚು ತೆರೆದು ಅನುರಣನ ಪಡೆಯುತ್ತಾರೆ. ಕರ್ನಾಟಕ ಸಂಗೀತದಿಂದ ಬಂದವರಿಗೆ ಶ್ರುತಿಜ್ಞಾನ, ತಾಳ, ನೆನಪು ಇವೆಲ್ಲ ದೊಡ್ಡ ಬಂಡವಾಳ. ಆದರೆ ಮಧ್ಯ ಸ್ಥಾಯಿಯ ಎದೆದನಿಯನ್ನೇ ತಾರ ಸ್ಥಾಯಿಗೆ ಎಳೆದುಕೊಂಡು ಹೋಗುವ ಅಭ್ಯಾಸ ಇಲ್ಲಿ ಗಂಟಲಿಗೆ ಮುಳುವಾಗುತ್ತದೆ. ನಮ್ಮ ಕಡೆ ಹಾಡುವವರ ದನಿಗೆ ತಕ್ಕಂತೆ ಶ್ರುತಿ ಇಟ್ಟುಕೊಳ್ಳುತ್ತೇವೆ; ಅಲ್ಲಿ ಪಾತ್ರದ ಸ್ವರ ಎಷ್ಟು ಎತ್ತರವೋ ಅಷ್ಟನ್ನು ಮುಟ್ಟಲೇಬೇಕು. ಆದ್ದರಿಂದ ಯೂಟ್ಯೂಬ್ ನೋಡಿ ಮೊಜಾರ್ಟನ ಒಪೆರಾದ 'ರಾತ್ರಿಯ ರಾಣಿ' ಪಾತ್ರದ ತೀರ ಎತ್ತರದ ಹಾಡನ್ನು ಅನುಕರಿಸುತ್ತಿದ್ದರೆ ದಯವಿಟ್ಟು ಇಂದೇ ನಿಲ್ಲಿಸಲು ಹೇಳಿ. ತುಟಿಗಳನ್ನು ಸಡಿಲವಾಗಿ ನಡುಗಿಸುತ್ತ ಐದು ಸ್ವರ ಹತ್ತಿ ಇಳಿಯುವುದು, ಕೆಳ ಪಕ್ಕೆಲುಬುಗಳು ಥಟ್ಟನೆ ಕುಸಿಯದಂತೆ "ಸ್‌ಸ್‌ಸ್" ಎಂದು ಉಸಿರನ್ನು ಸಮವಾಗಿ ಬಿಡುವುದು, ಇವೆರಡು ಸದ್ಯಕ್ಕೆ ಸಾಕು.

ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಟಾಲಿಯನ್ನಿನ ತ ಮತ್ತು ದ ನಮ್ಮವುಗಳಂತೆಯೇ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುತ್ತವೆ, 'ಬೆಲ್ಲಾ' ಎನ್ನುವಲ್ಲಿನ ಒತ್ತು ನಮ್ಮ ಒತ್ತಕ್ಷರದಂತೆಯೇ ನಿಂತು ಬರುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ಬೆವರು ಸುರಿಸಿ ಕಲಿಯುವ ಇದು ನಿಮ್ಮ ಮಗಳ ನಾಲಿಗೆಯಲ್ಲಿ ಈಗಾಗಲೇ ಇದೆ. 'ಕಾರೋ ಮಿಯೊ ಬೆನ್' ಎಂಬ ಹಳೆಯ ಇಟಾಲಿಯನ್ ಗೀತೆಯಿಂದ ಶುರುಮಾಡಲಿ. ಎಲ್ಲ ಗುರುಗಳೂ ಬಲ್ಲ, ಗಂಟಲಿಗೆ ಹಿತವಾದ ಹಾಡು ಅದು. ಜರ್ಮನ್ ಮತ್ತು ಫ್ರೆಂಚ್ ಸ್ವರಾಕ್ಷರಗಳ ಉಚ್ಚಾರಕ್ಕೆ ಮಾತ್ರ ಬೇರೆಯೇ ಶ್ರಮ ಬೇಕು.

ಪದವಿ ಮುಗಿದ ಮೇಲೆ ಎರಡು ವರ್ಷ ಬೆಂಗಳೂರಿನಲ್ಲಿರುವ ಏರ್ಪಾಡು ಮಾಡಿ. 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಸಂಸ್ಥೆಗಳಿವೆ, ಒಳ್ಳೆಯ ಕಾಯಿರ್‌ಗಳಿವೆ. ಟ್ರಿನಿಟಿ ಕಾಲೇಜ್ ಲಂಡನ್ ಎಂಬ ಸಂಸ್ಥೆ ನಡೆಸುವ ಎಂಟು ಗ್ರೇಡ್‌ಗಳ ಪರೀಕ್ಷೆಗಳು ಕಲಿಕೆಗೆ ಒಂದು ಕ್ರಮ ಕೊಡುತ್ತವೆ. ಆದರೆ ವಿದೇಶದ ಪ್ರವೇಶಕ್ಕೆ ಪ್ರಮಾಣಪತ್ರಕ್ಕಿಂತ ಆಡಿಷನ್ನಿನದೇ ತೂಕ. ಮುಂಬೈ ಮೂಲದ ಸೊಪ್ರಾನೊ ಪೆಟ್ರೀಷಿಯಾ ರೊಜಾರಿಯೊ ಭಾರತದಲ್ಲಿ ನಡೆಸುತ್ತ ಬಂದಿರುವ ಗಾಯನ ಶಿಬಿರಗಳ ಮೇಲೂ ಕಣ್ಣಿಡಿ. ಇದೆಲ್ಲ ನಮಗೆ ಸಂಬಂಧಿಸಿದ್ದಲ್ಲ ಎನ್ನುವವರಿಗೆ ಒಂದು ಮಾತು: 1950ರ ಮೇ 22ರಂದು ಲಂಡನ್ನಿನಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳನ್ನು ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದ ಕಛೇರಿಗೆ ಹಣದ ಬೆಂಬಲ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು.

ಮುಂದಿನ ಮೆಟ್ಟಿಲಿಗೆ ಜರ್ಮನಿಯನ್ನು ಮೊದಲು ನೋಡಿ ಎನ್ನುತ್ತೇನೆ. ಅಲ್ಲಿ ಸರ್ಕಾರದ ಹಣದಿಂದ ನಡೆಯುವ ಒಪೆರಾ ಮನೆಗಳೇ ಎಂಬತ್ತರಷ್ಟಿವೆ, ಹಲವು ಸಾರ್ವಜನಿಕ ಸಂಗೀತ ಮಹಾವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಂಥ ಕಡೆ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ವೀಸಾಕ್ಕಾಗಿ ವರ್ಷದ ಜೀವನವೆಚ್ಚವನ್ನು ಬ್ಯಾಂಕಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಅರ್ಜಿ ಹಾಕುವಾಗ ಹೊಸ ಮೊತ್ತ ವಿಚಾರಿಸಿಕೊಳ್ಳಿ. ಪ್ರವೇಶ ಪರೀಕ್ಷೆಯಲ್ಲಿ ಗಾಯನದ ಜೊತೆಗೆ ಸಂಗೀತ ಸಿದ್ಧಾಂತ, ಸ್ವರ ಗುರುತಿಸುವಿಕೆ, ಅಲ್ಪಸ್ವಲ್ಪ ಪಿಯಾನೊ ಕೇಳುತ್ತಾರೆ. ಕೆಲವು ಕಡೆ ವಯೋಮಿತಿಯೂ ಇರುವುದರಿಂದ ತುಂಬಾ ತಡಮಾಡುವಂತಿಲ್ಲ.

ಸಂಪಾದನೆಯ ಬಗ್ಗೆ ನಿಮ್ಮ ಆತಂಕ ನ್ಯಾಯವಾದದ್ದು. ಕಲಿತವರೆಲ್ಲ ನಾಯಕಿಯ ಪಾತ್ರ ಮಾಡುವುದಿಲ್ಲ. ಆದರೆ ಜರ್ಮನಿಯ ಒಪೆರಾ ಮನೆಗಳ ಕೋರಸ್ಸಿನಲ್ಲಿ ಹಾಡುವುದು ತಿಂಗಳ ಸಂಬಳದ ಗೌರವದ ಕೆಲಸ. ಕಲಿಸುವುದು, ಚರ್ಚ್ ಸಂಗೀತ, ಕಛೇರಿಗಳೂ ಇವೆ. ಫೆರಿಯರ್ ಅವರಂಥವರೇ ಒಪೆರಾ ವೇದಿಕೆಯಲ್ಲಿ ನಟಿಸಿ ಹಾಡಿದ್ದು ಲುಕ್ರೀಷಿಯಾ ಮತ್ತು ಓರ್ಫಿಯೊ ಎಂಬ ಎರಡೇ ಪಾತ್ರಗಳನ್ನು. ಉಳಿದ ಬದುಕೆಲ್ಲ ಕಛೇರಿ ವೇದಿಕೆಯ ಮೇಲೆಯೇ ನಡೆಯಿತು. ಬಿ.ಕಾಂ. ಅನ್ನು ಖಂಡಿತ ಮುಗಿಸಲಿ, ಬೆಂಗಳೂರಿನ ಎರಡು ವರ್ಷದ ಖರ್ಚಿಗೆ ಅರೆಕಾಲಿಕ ಅಕೌಂಟ್ಸ್ ಕೆಲಸವಾದರೂ ಒದಗುತ್ತದೆ.

ಈ ವಾರ ಒಂದು ಕೆಲಸ ಮಾಡಿ. ದೊಡ್ಡ ಕೋಣೆಯೊಂದರಲ್ಲಿ ಫೋನನ್ನು ಹತ್ತು ಅಡಿ ದೂರದಲ್ಲಿಟ್ಟು, ಮೈಕ್ ಮತ್ತು ಎಕೋ ಯಾವುದೂ ಇಲ್ಲದೆ, ಅವಳಿಗೆ ಸುಲಭವಾದ ಒಂದು ಕೀರ್ತನೆಯ ಪಲ್ಲವಿಯನ್ನೂ "ಆ"ಕಾರದಲ್ಲಿ ಮೆಲ್ಲಗೆ ಮೇಲೇರುವ ಸ್ವರಗಳನ್ನೂ ಮುದ್ರಿಸಿ ಇಲ್ಲಿ ಹಾಕಿ. ಎದೆದನಿ ಎಲ್ಲಿ ಬಿಗಿಯುತ್ತಿದೆ, ಯಾವ ಬಗೆಯ ಗುರುವಿನ ಬಳಿ ಹೋದರೆ ಒಳ್ಳೆಯದು ಎಂಬುದನ್ನು ಕೇಳಿ ಹೇಳುತ್ತೇನೆ.